ಪೆಂಟಾಕ್ಸ್ ಕೆ1000: ಸೆಲ್ ಮುಗಿದರೂ ನಿಲ್ಲದ ಕ್ಯಾಮೆರಾ

ಸೋದರಮಾವನ ಬೀರುವಿನಲ್ಲಿ ಮಲಗಿದ್ದ ಪೆಂಟಾಕ್ಸ್ ಕೆ1000 ನನ್ನ ಕೈಗೆ ಬಂದಾಗ ಹಿಂಬಾಗಿಲ ಅಂಚಿನ ಸ್ಪಂಜು ಕರಗಿ ಡಾಂಬರಿನಂತೆ ಅಂಟುತ್ತಿತ್ತು. ವಯಸ್ಸಾದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಊದುಬತ್ತಿ ಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಭಾನುವಾರವಿಡೀ ಕೂತು ಕೆರೆದು ತೆಗೆದೆ. ಆ ಸೀಳಿನಲ್ಲಿ ಕಪ್ಪು ಉಣ್ಣೆಯ ದಾರ ಕೂರಿಸಿದ ಮೇಲೆ ಬೆಳಕು ಸೋರುವುದು ನಿಂತಿತು.

1976ರಿಂದ 1997ರವರೆಗೆ ತಯಾರಾದ ಈ ಕ್ಯಾಮೆರಾದಲ್ಲಿ ಸೆಲ್ ಬೇಕಾಗುವುದು ಬೆಳಕಿನ ಮಾಪಕಕ್ಕೆ ಮಾತ್ರ. ಫಿಲ್ಮಿನ ಮೇಲೆ ಬೆಳಕು ಬೀಳಲು ತೆರೆದು ಮುಚ್ಚುವ ಶಟರ್ ಪೂರ್ತಿ ಯಾಂತ್ರಿಕ. ಕಲಿಯುವವರಿಗೆ ಇದನ್ನೇ ಕೊಳ್ಳಲು ಹೇಳುತ್ತೇನೆ. ಮಾಪಕಕ್ಕೆ ಸ್ವಿಚ್ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿ ಬೆಳಕು ತಡೆದಿಟ್ಟರೆ ಸೆಲ್ ಬಾಳುತ್ತದೆ. ಮಾಪಕದ ಮುಳ್ಳು ನಡುವೆ ನಿಲ್ಲುವಂತೆ, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರ ತಿರುಗಿಸುವ ಸುಖವೇ ಬೇರೆ.

ಮೊದಲ ರೋಲಿನ 36 ಚಿತ್ರಗಳಲ್ಲಿ ಅಜ್ಜಿ ಮಲ್ಲಿಗೆ ಕಟ್ಟುತ್ತಿರುವುದೊಂದಿದೆ. ಅವರ ಬೆರಳಿಗೆ ಸುತ್ತಿದ ಬಾಳೆನಾರಿನ ಎಳೆ ಎಳೆಯೂ ಕಾಣುತ್ತದೆ.