ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್: ಸಂಧಿವಾತಕ್ಕೆ ಯಾವುದು?

ಸಿಂಧನೂರಿನ ಕಡೆ ನಾಟಿಗೆ ಹೋಗುವ ಹೆಂಗಸರು ಬೆಳಿಗ್ಗೆ ಬೆರಳು ಮಡಚಲು ಬಾರದಿದ್ದರೂ ನೋವಿನ ಮಾತ್ರೆಯ ಮೇಲೆಯೇ ದಿನ ದೂಡುತ್ತಾರೆ. ಅದರಿಂದ ನೋವು ತಗ್ಗೀತು, ಕೀಲಿನ ಹಾನಿ ನಿಲ್ಲದು. ಅದು ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ರೋಗವೆಂದು ಖಚಿತವಾದ ಮೇಲೆ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಎರಡು ಔಷಧಗಳ ಹೆಸರು ಕಿವಿಗೆ ಬೀಳುತ್ತವೆ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಔಷಧ ಚೀಟಿಯಲ್ಲಿ ನುಂಗುವ ದಿನದ ಹೆಸರನ್ನೇ ದಪ್ಪ ಅಕ್ಷರದಲ್ಲಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಇರುತ್ತದೆ. ಗುಣ ಕಾಣಲು 6ರಿಂದ 12 ವಾರ ಬೇಕು. ರಕ್ತಕಣ, ಯಕೃತ್ತಿನ ಪರೀಕ್ಷೆ ಆಗಾಗ ಆಗಲೇಬೇಕು. ಗರ್ಭಿಣಿಯರಿಗೆ, ಮಗುವಿನ ಯೋಚನೆಯಲ್ಲಿರುವವರಿಗೆ ಸಲ್ಲದು. ಹೆಂಡ ಬಿಡದವರೂ ವೈದ್ಯರಿಗೆ ಮುಚ್ಚಿಡಬಾರದು.

ಹೈಡ್ರಾಕ್ಸಿಕ್ಲೋರೊಕ್ವಿನ್ ದಿನನಿತ್ಯದ ಮಾತ್ರೆ, ಸೌಮ್ಯ. ಗರ್ಭಿಣಿಯರಿಗೂ ಕೊಡುವುದುಂಟು. ಆರಂಭದಲ್ಲಿ ಒಮ್ಮೆ, 5 ವರ್ಷದ ನಂತರ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಸಾಮಾನ್ಯವಾಗಿ ಸಾಕು.

ರೋಗ ಜೋರಾಗಿದ್ದರೆ ನನ್ನ ಮತ ಮೆಥೊಟ್ರೆಕ್ಸೇಟ್‌ಗೇ. ಅಮೆರಿಕದ ಸಂಧಿವಾತ ತಜ್ಞರ 2021ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ರೋಗ ಲಘುವಾಗಿದ್ದರೆ ಮಾತ್ರ ಎರಡನೆಯದು. ರಾಯಚೂರಿಗೆ ರಕ್ತಪರೀಕ್ಷೆಗೆಂದು ಓಡಾಡುವುದು ಕಷ್ಟವೆನ್ನುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಿಬಿಡಲಿ.