ವಿಂಡೋಸ್ 11 ಹಾಕಿದ ಮೇಲೆ ವೈಫೈ ಹೋಯ್ತಾ? ಡ್ರೈವರ್, ಡಾಂಗಲ್, ಹಳೇ ವಿಂಡೋಸ್
ತುಮಕೂರಿನ ಗೆಳೆಯರೊಬ್ಬರು ಈ ಮೂರರಲ್ಲಿ ಯಾವುದು ಸರಿ ಅಂತ ಕೇಳಿದ್ದರು.

ಡ್ರೈವರ್ (ವೈಫೈ ಕಾರ್ಡನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಬದಲಿಸುವುದಕ್ಕೆ ಖರ್ಚಿಲ್ಲ. ನೆಟ್ ಇಲ್ಲದೆ ಅದನ್ನು ಇಳಿಸಿಕೊಳ್ಳುವುದು ಹೇಗೆ ಅಂತೀರಾ? ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಮೊಬೈಲಿನ ನೆಟ್ ಲ್ಯಾಪ್‌ಟಾಪಿಗೆ ಸಿಗುವಂತೆ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ನಿಮ್ಮ ಮಾಡೆಲ್‌ನ ಡ್ರೈವರ್ ತಗೊಳ್ಳಿ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡ್ ಕಾಣುತ್ತಿದ್ದರೆ ಇದೇ ಮೊದಲ ದಾರಿ. ಸುಮ್ನೆ ಅಂಗಡಿಗೆ ಓಡಬೇಡಿ.

ಹಳೇ ವಿಂಡೋಸ್‌ಗೆ ಮರಳುವುದೂ ಉಚಿತ, ಆದರೆ ಸಾಮಾನ್ಯವಾಗಿ 10 ದಿನದೊಳಗೆ ಮಾತ್ರ. ನಾಳೆಯೇ ಆನ್‌ಲೈನ್ ಪರೀಕ್ಷೆ ಇದ್ದರೆ ಸರಿ. ಜಾಸ್ತಿ ದಿನ ಅಲ್ಲೇ ಉಳಿಯಬೇಡಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಾರ್ಡ್ ತೀರಾ ಹಳೆಯದು, ಹೊಸ ಡ್ರೈವರೇ ಬಂದಿಲ್ಲ ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಡಾಂಗಲ್ ಕೊಳ್ಳಿ. ದುಡ್ಡು ಹೋಗುತ್ತದೆ, ಒಂದು ಯುಎಸ್‌ಬಿ ಪೋರ್ಟೂ ಹೋಗುತ್ತದೆ. ವೇಗದ 5 ಗಿಗಾಹರ್ಟ್ಸ್ ವೈಫೈ ಹಿಡಿಯುವುದನ್ನೇ ಕೇಳಿ ತನ್ನಿ.