ಊಟಿಯ ನೀಲಗಿರಿ ಎಣ್ಣೆ: ಮೂಗಿಗೆ ಸರಿ, ರೋಗಾಣುವಿಗೆ ಅಷ್ಟಕ್ಕಷ್ಟೆ

ಊಟಿಗೆ ಹೋದ ಮೈಸೂರಿನವರು ವರ್ಕಿ, ಚಾಕೊಲೇಟುಗಳ ಜೊತೆ ತಪ್ಪದೆ ತರುವ ಇನ್ನೊಂದು ವಸ್ತು ನೀಲಗಿರಿ ಎಣ್ಣೆ. ನಮ್ಮ ಮನೆಯ ಕಪಾಟಿನಲ್ಲಿ ವರ್ಷಗಳಿಂದ ಒಂದಲ್ಲ ಒಂದು ಬಾಟಲಿ ಇದ್ದೇ ಇದೆ. ನೆಗಡಿಗೆ ಇದನ್ನು ಬಿಟ್ಟರೆ ನನಗೆ ಬೇರೆ ರುಚಿಸುವುದಿಲ್ಲ. ಆದರೆ ಅಂಗಡಿಯವರು ಹೇಳುವ ಗುಣಗಳಲ್ಲಿ ಅರ್ಧವನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ರಾತ್ರಿ ಮೂಗು ಕಟ್ಟಿದಾಗ ಕರವಸ್ತ್ರಕ್ಕೆ ಎರಡು ಹನಿ ಹಾಕಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಉಸಿರು ಸರಾಗವಾದಂತೆ ಅನಿಸುತ್ತದೆ. ‘ಅನಿಸುತ್ತದೆ’ ಎಂದು ಬೇಕೆಂದೇ ಬರೆದಿದ್ದೇನೆ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆಗಳ ಆವಿಯನ್ನು ಜನರಿಗೆ ಕೊಟ್ಟು ಅಳೆದಾಗ, ಮೂಗಿನೊಳಗಿನ ತಡೆ ಹಾಗೇ ಇತ್ತು. ಗಾಳಿ ಚೆನ್ನಾಗಿ ಆಡುತ್ತಿದೆ ಎಂಬ ಅನುಭವ ಮಾತ್ರ ಹೆಚ್ಚಿತ್ತು. ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ತಂಪನ್ನು ಗುರುತಿಸುವ ನರತುದಿಗಳನ್ನು ಕೆಣಕುತ್ತದೆ. ನಿದ್ದೆ ಬಂದರೆ ನನಗಷ್ಟು ಸಾಕು.

ಇನ್ನು ರೋಗಾಣು ಕೊಲ್ಲುವ ಮಾತು. ಪ್ರಯೋಗಾಲಯದಲ್ಲಿ ಇದು ಸುಳ್ಳಲ್ಲ. ಹುಣ್ಣಿನಲ್ಲಿ ಕೀವು ತರಿಸುವ ಸ್ಟ್ಯಾಫಿಲೊಕಾಕಸ್ ಈ ಎಣ್ಣೆಗೆ ಬಗ್ಗುತ್ತದೆ. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಅಲ್ಲಿ ಬಳಸುವ ಸಾಂದ್ರತೆಗೂ ನೆಲ ಒರೆಸುವ ಬಕೆಟ್ಟಿಗೆ ನಾವು ಹಾಕುವ ನಾಲ್ಕು ಹನಿಗೂ ಅಜಗಜಾಂತರ. ಎಣ್ಣೆ ನೀರಿನೊಡನೆ ಬೆರೆಯದೆ ಮೇಲೆ ತೇಲುತ್ತದೆ. ಮನೆ ಘಮಘಮಿಸುತ್ತದೆ, ನೆಲದ ಸೂಕ್ಷ್ಮಜೀವಿಗಳು ಕ್ಷೇಮವಾಗಿರುತ್ತವೆ.

ಎಲೆಯ ಸಾರದ ಕಥೆಯೇ ಬೇರೆ. ಎಲೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರದಲ್ಲಿ ಮ್ಯಾಕ್ರೊಕಾರ್ಪಲ್ ಎಂಬ ವಸ್ತುಗಳಿರುತ್ತವೆ. ಬಾಯಿಯ ಬ್ಯಾಕ್ಟೀರಿಯಾಗಳ ಮೇಲೆ ಅವುಗಳ ಏಟು ಜೋರು. ಆ ಸಾರ ಸೇರಿಸಿದ ಚೂಯಿಂಗ್ ಗಮ್ ಅಗಿದವರ ಒಸಡಿನ ಉರಿಯೂತ ತಗ್ಗಿದ್ದನ್ನು 2008ರಲ್ಲಿ ಜಪಾನಿನವರು ಪ್ರಕಟಿಸಿದರು. ಈ ವಸ್ತುಗಳು ಆವಿಯಾಗುವಂಥವಲ್ಲ. ಎಣ್ಣೆಗಾಗಿ ಹಬೆಯಲ್ಲಿ ಭಟ್ಟಿ ಇಳಿಸುವಾಗ ಅವು ಎಲೆಯಲ್ಲೇ ಉಳಿಯುತ್ತವೆ. ಹಾಗಾಗಿ ಸಾರದ ಹೆಸರಿನಲ್ಲಿ ಎಣ್ಣೆ ಮಾರುವವರ ಮಾತಿಗೆ ಕಿವಿಗೊಡಬೇಡಿ.

ಅಸಲಿ ಎಣ್ಣೆ ಸಿಗುವುದೇ ದೊಡ್ಡ ತಲೆನೋವು. ಯುರೋಪಿನ ಔಷಧ ಮಾನದಂಡದ ಪ್ರಕಾರ ಸಿನಿಯೋಲ್ ಶೇ. 70ಕ್ಕಿಂತ ಕಡಿಮೆ ಇರಬಾರದು. ರಸ್ತೆ ಬದಿಯಲ್ಲಿ ಕೊಂಡ ಒಂದು ಬಾಟಲಿಯಲ್ಲಿ ಟರ್ಪೆಂಟೈನ್ ವಾಸನೆ ಹೊಡೆಯುತ್ತಿತ್ತು. ಬಿಳಿ ಕಾಗದಕ್ಕೆ ಒಂದು ಹನಿ ಬಿಟ್ಟರೆ ಮರುದಿನವೂ ಜಿಡ್ಡಿನ ಕಲೆ. ಶುದ್ಧ ಎಣ್ಣೆ ಆರಿಹೋಗಿ ಕಾಗದ ಮೊದಲಿನಂತಾಗಬೇಕು. ಈ ಪರೀಕ್ಷೆಯೂ ಪೂರ್ತಿ ನಂಬುವಂಥದ್ದಲ್ಲ. ಚೀನಾದಿಂದ ಬರುವ ‘ನೀಲಗಿರಿ ಎಣ್ಣೆ’ಯಲ್ಲಿ ಬಹುಪಾಲು ಕರ್ಪೂರದ ಮರದ ಎಣ್ಣೆಯಿಂದ ಬೇರ್ಪಡಿಸಿದ್ದು, ಅದೂ ಕಲೆ ಉಳಿಸುವುದಿಲ್ಲ. ಆದ್ದರಿಂದ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಸಿನಿಯೋಲ್ ಪ್ರಮಾಣ ಅಚ್ಚಾಗಿರುವ ಬಾಟಲಿಯನ್ನಷ್ಟೇ ಕೊಳ್ಳುತ್ತೇನೆ.

ಮಕ್ಕಳಿರುವ ಮನೆಯವರು ಇದನ್ನು ಕೈಗೆಟುಕದಂತೆ ಇಡಿ. ಒಂದು ಚಮಚದಷ್ಟು, ಅಂದರೆ 5 ಮಿ.ಲೀ. ಹೊಟ್ಟೆಗೆ ಹೋದರೂ ಮಗುವಿನ ಪ್ರಾಣಕ್ಕೆ ಕುತ್ತು ಬರಬಹುದು. ಕೂಸಿನ ಮೂಗಿಗೆ, ಮುಖಕ್ಕೆ ಸವರುವ ಅಜ್ಜಿಯರ ಅಭ್ಯಾಸವೂ ಬೇಡ. ಗಂಟಲು ಬಿಗಿದು ಉಸಿರು ಸಿಕ್ಕಿಕೊಳ್ಳಬಹುದು. ಮೂರ್ಛೆ ರೋಗವಿರುವ ದೊಡ್ಡವರೂ ದೂರವಿರಬೇಕು. ಈ ಎಣ್ಣೆಯಿಂದ ಸೆಳವು ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರೇ ದಾಖಲಿಸಿದ್ದಾರೆ. ಜರ್ಮನಿಯಲ್ಲಿ ಸೈನಸ್ ತೊಂದರೆಗೆ ಸಿನಿಯೋಲ್ ಮಾತ್ರೆ ಕೊಡುತ್ತಾರೆಂದು ಓದಿ ಬಾಟಲಿಯ ಎಣ್ಣೆ ಕುಡಿಯುವ ಸಾಹಸ ಮಾಡಬೇಡಿ. ಅದು ಅಳತೆ ಮಾಡಿ ಕರುಳಿನಲ್ಲಿ ಕರಗುವಂತೆ ತಯಾರಿಸಿದ ಔಷಧ.

ಮಂಡಿನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚುತ್ತೇನೆ, ನೇರವಾಗಿ ಹಚ್ಚಿದರೆ ಚರ್ಮ ಉರಿಯುತ್ತದೆ. ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಅಂಟು ತೆಗೆಯುವುದಕ್ಕಂತೂ ಇದಕ್ಕೆ ಸಾಟಿಯಿಲ್ಲ. ಗಾಳಿ, ಬೆಳಕು ತಾಗಿದಂತೆ ಎಣ್ಣೆ ಕೆಡುವುದರಿಂದ ಈಗೀಗ ಕಂದು ಗಾಜಿನ ಚಿಕ್ಕ ಬಾಟಲಿಯನ್ನೇ ತರುತ್ತೇನೆ. ಲೆಕ್ಕ ಹಾಕಿದರೆ ದುಬಾರಿಯೇ, ಆದರೆ ಕೆಡುವ ಮೊದಲೇ ಮುಗಿಯುತ್ತದೆ.